ಬೆನ್ನು ಬಿಚ್ಚದ ಫ್ರಾಕು

ಒಂದು ಹತ್ತು ನಿಮಿಷ ಕೂತು ಇದನ್ನು ಕೇಳಿಬಿಡಿ. ಒಲೆಯ ಮೇಲೆ ಕಾಫಿ ಇದ್ದರೆ ಇಳಿಸಿ ಬನ್ನಿ, ನಾನು ಕಾಯುತ್ತೇನೆ. ಆದರೆ ಮಧ್ಯದಲ್ಲಿ ಎದ್ದು ಹೋಗಬೇಡಿ. ಅರ್ಧ ಕೇಳಿದರೆ ನನ್ನ ಅಜ್ಜಿಯ ಮೇಲೆ ಸಿಟ್ಟು ಬರುತ್ತದೆ, ಇಲ್ಲವೇ ನನ್ನ ಅತ್ತೆಯ ಮೇಲೆ. ಅವರಿಬ್ಬರಲ್ಲಿ ಒಬ್ಬರದೂ ತಪ್ಪಿಲ್ಲ, ಅದೇ ತೊಂದರೆ ಆಗಿರುವುದು.

ನಮ್ಮದು ವೋಲೋಸ್ ಊರು. ಬಂದರಿನಿಂದ ಮೇಲಕ್ಕೆ ಹತ್ತುವ ಬೀದಿಯಲ್ಲಿ ಬೇಕರಿಯ ಮೇಲಿನ ಮಹಡಿ. ಮನೆಯಲ್ಲಿ ಮೂರು ಜನ ಹೆಂಗಸರು: ಅಜ್ಜಿ ಅರ್ಗಿರೋ, ಅವಳ ಮಗಳು ಅಂದರೆ ನನ್ನ ಸೋದರತ್ತೆ ಎವ್ದೋಕಿಯಾ, ಮತ್ತೆ ಕಾಲೇಜಿಗೆಂದು ಬಂದು ಇಲ್ಲೇ ಬೇರೂರಿರುವ ನಾನು, ಮಿರ್ಸೀನಿ. ನಾಲ್ಕನೆಯದು ಅಂತ ಲೆಕ್ಕ ಹಾಕುವುದಾದರೆ ಅಜ್ಜಿಯ ಹೊಲಿಗೆ ಮಿಷನ್ನು. ಬಾಲ್ಕನಿ ಬಾಗಿಲ ಪಕ್ಕ, ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಬೆಳಕು ಬೀಳುವ ಜಾಗ ಅದಕ್ಕೇ. ಈ ಬೀದಿಯ ಅರ್ಧ ಮದುಮಕ್ಕಳು ಅದರ ಕೆಳಗಿಂದಲೇ ಹೊರಬಂದವರು ಎಂದು ಅಜ್ಜಿ ಹೇಳುತ್ತಾಳೆ, ಮಿಷನ್ನೇ ಹೆತ್ತ ಹಾಗೆ.

ಅಜ್ಜಿಯ ಕಣ್ಣು ಮಂಜಾಗಿ ಕೆಲವು ವರ್ಷ ಆಯಿತು. ಪೂರ್ತಿ ಹೋಗಿಲ್ಲ. ನಟ್ಟನಡುವೆ ಒಂದು ಹೊಗೆಯ ಚುಕ್ಕೆ ಕೂತಿದೆ. ಅವಳು ಯಾವುದನ್ನು ನೋಡುತ್ತಾಳೋ ಅದೇ ಮಾಯ, ಸುತ್ತ ಇರುವುದೆಲ್ಲ ಇದೆ. ಹಾಗಾಗಿ ಕೋಳಿ ಕಾಳು ನೋಡುವ ಹಾಗೆ ಕತ್ತು ವಾಲಿಸಿ ಪಕ್ಕದಿಂದ ನೋಡುತ್ತಾಳೆ. ಯಾರ ಜೊತೆ ಮಾತಾಡಿದರೂ ಕಣ್ಣು ಅವರ ಕಿವಿಯ ಮೇಲೆ.

"ಎವ್ದೋಕಿಯಾ ಮುಖ ಕಾಣ್ಸಲ್ಲ, ಕಿವಿ ಮಾತ್ರ ಕಾಣ್ಸುತ್ತೆ," ಅನ್ನುತ್ತಾಳೆ. "ದೇವರು ದೊಡ್ಡವನು, ಒಳ್ಳೇ ಭಾಗ ಉಳಿಸಿದಾನೆ."

ಈ ಚಳಿಗಾಲದಲ್ಲಿ ಮಿಷನ್ನಿನ ಸೂಜಿ ಅವಳ ತೋರುಬೆರಳಿನ ಉಗುರನ್ನೇ ತೂರಿ ಕೆಳಗೆ ಬಂತು. ಅತ್ತೆ ಚಕ್ರ ಹಿಂದಕ್ಕೆ ತಿರುಗಿಸಿ ಬೆರಳು ಬಿಡಿಸಿದಳು. ಅಲ್ಲಿಂದ ಜಗಳ ಶುರು.

"ಅಮ್ಮಾ, ಇನ್ನು ಆ ಮಿಷನ್ನಿಗೆ ಕೈ ಹಾಕಬಾರ್ದು ನೀನು. ಚರ್ಚಿನವರಿಗೆ ಕೊಟ್ಬಿಡ್ತೀನಿ, ಯಾರಾದ್ರೂ ಬಡವರು ಹೊಲ್ಕೊಂಡು ತಿಂತಾರೆ."

"ನನ್ನ ಬೆರಳು, ನನ್ನ ಮಿಷನ್ನು. ನಿಂದೇನು ಹೋಯ್ತು?"

"ಬೆರಳು ಎಳ್ದು ಬಿಡಿಸಿದ್ದು ಯಾರು?"

"ಎಳೆಯೋದೂ ಸೊಟ್ಟಗೆ ಎಳ್ದೆ. ನೇರ ಎಳ್ದಿದ್ರೆ ನೋವೇ ಆಗ್ತಿರ್ಲಿಲ್ಲ."

ಹೀಗೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಪೂರ್ತಿ ಇದೇ ನಡೆಯಿತು. ಮಾಂಸ ಮೊಟ್ಟೆ ಇಲ್ಲದ ಊಟ, ಅದರ ಜೊತೆಗೆ ಈ ಮಾತು.

ಆಗ ಬಂತು ಈಸ್ಟರ್ ಫ್ರಾಕಿನ ವಿಚಾರ. ನನ್ನ ದೊಡ್ಡಪ್ಪನ ಮಗಳು ಕಲ್ಲಿಯೋಪಿ ಅಕ್ಕನಿಗೆ ಒಬ್ಬಳು ಮಗಳಿದ್ದಾಳೆ, ಅಂಥೂಲಾ. ಆ ಮಗುವಿನ ದೀಕ್ಷಾಸ್ನಾನದ ದಿನ ಎಣ್ಣೆ ಹಚ್ಚಿ, ನೀರಿನಿಂದ ಎತ್ತಿ ಎದೆಗೆ ಒತ್ತಿಕೊಂಡವಳು ನಾನು. ಅಂದಮೇಲೆ ನಾನು ಅವಳ ನೊನಾ, ಧರ್ಮದ ತಾಯಿ. ನೊನಾ ಆದವಳು ಪ್ರತಿ ಈಸ್ಟರ್‌ಗೆ ಮಗುವಿಗೆ ಅಲಂಕಾರದ ಮೇಣದಬತ್ತಿ, ಹೊಸ ಚಪ್ಪಲಿ, ಹೊಸ ಬಟ್ಟೆ ಕೊಡಬೇಕು. ಹಬ್ಬದ ಹಿಂದಿನ ಶನಿವಾರ ರಾತ್ರಿ ಚರ್ಚಿನಲ್ಲಿ ದೀಪ ಹಚ್ಚುವಾಗ ಊರಿನ ಹೆಂಗಸರು ದೇವರನ್ನು ನೋಡುವ ಮೊದಲು ಯಾರ ನೊನಾ ಏನು ಕೊಟ್ಟಿದ್ದಾಳೆ ಎಂದು ನೋಡುತ್ತಾರೆ. ನಾನು ಅಂಗಡಿಯಲ್ಲಿ ಒಂದು ಫ್ರಾಕು ನೋಡಿಟ್ಟಿದ್ದೆ. ಊಟದ ಹೊತ್ತಿಗೆ ಬಾಯಿ ತಪ್ಪಿ ಹೇಳಿಬಿಟ್ಟೆ.

ಅಜ್ಜಿ ಚಮಚ ಕೆಳಗಿಟ್ಟಳು. "ಅಂಗಡೀದಾ? ಅರ್ಗಿರೋ ಮೊಮ್ಮಗಳು ಅಂಗಡಿ ಫ್ರಾಕು ಕೊಟ್ಳು ಅಂತ ಕೇಳಿಸ್ಕೊಂಡು ನಾನು ಬದುಕಿರ್ಬೇಕಾ?"

"ಅಮ್ಮಾ," ಅಂದಳು ಅತ್ತೆ.

"ಸುಮ್ನಿರು. ಕೇಳು. ಈ ಒಂದು ಫ್ರಾಕು ನಾನು ಹೊಲೀತೀನಿ. ಪುಸ್ತಕದಿಂದ ಅಳತೆ ತೆಗೆದು, ಕತ್ತರಿಸಿ, ಎಲ್ಲ ನಾನೇ. ಮಗುಗೆ ಸರಿಯಾಗಿ ಕೂತ್ರೆ ನೀನು ಮಿಷನ್ನಿನ ಸುದ್ದಿ ಇನ್ನು ಸಾಯೋವರೆಗೂ ಎತ್ತಬಾರ್ದು. ಕೂರ್ಲಿಲ್ವಾ, ನಾನೇ ಅದಕ್ಕೆ ಬಟ್ಟೆ ಸುತ್ತಿ ಚರ್ಚಿಗೆ ಕಳಿಸ್ತೀನಿ."

ಅತ್ತೆ ಅಜ್ಜಿಯ ಬೆರಳು ನೋಡಿದಳು. ಆ ಉಗುರು ಇನ್ನೂ ಕಪ್ಪಗಿತ್ತು. "ಮಾತಾ?" ಎಂದಳು.

"ಮಾತು."

ಅಜ್ಜಿ ಮಂಚದ ಕೆಳಗಿನಿಂದ ಹೊಲಿಗೆ ಪತ್ರಿಕೆಗಳ ಕಟ್ಟು ಎಳೆದಳು. ಆ ಪತ್ರಿಕೆಗಳ ಹೊಟ್ಟೆಯಲ್ಲಿ ಮಡಚಿಟ್ಟ ದೊಡ್ಡ ಹಾಳೆ ಇರುತ್ತದೆ, ನೀವು ನೋಡಿದ್ದೀರೋ ಇಲ್ಲವೋ. ಬಿಡಿಸಿದರೆ ಊಟದ ಮೇಜು ಪೂರ್ತಿ ಮುಚ್ಚುತ್ತದೆ. ಅದರ ಮೇಲೆ ಇಪ್ಪತ್ತು ಮೂವತ್ತು ಬಟ್ಟೆಗಳ ಅಳತೆಯನ್ನು ಒಂದರ ಮೇಲೊಂದು ಗೀಚಿರುತ್ತಾರೆ. ಕೆಂಪು, ನೀಲಿ, ಹಸಿರು, ಕಪ್ಪು. ಚುಕ್ಕೆ ಗೆರೆ, ಕಡ್ಡಿ ಗೆರೆ. ಎಲ್ಲ ಊರಿನ ರಸ್ತೆಗಳನ್ನೂ ಒಂದೇ ಭೂಪಟದಲ್ಲಿ ತುರುಕಿದ ಹಾಗೆ. ಅದರಲ್ಲಿ ನಿಮ್ಮ ಗೆರೆಯನ್ನು ಹಿಡಿದು, ಮೇಲೆ ತೆಳು ಕಾಗದ ಹಾಸಿ, ಹಲ್ಲಿನ ಚಕ್ರ ಉರುಳಿಸಿ ಇಳಿಸಿಕೊಳ್ಳಬೇಕು. ನನಗಂತೂ ನೋಡಿದರೆ ತಲೆ ಸುತ್ತು. ಅಜ್ಜಿ ಕತ್ತು ವಾಲಿಸಿ, ಮೂಗು ಹಾಳೆಗೆ ತಾಗುವಷ್ಟು ಬಾಗಿ, ಬೆರಳಿನಿಂದ ಗೆರೆ ಹಿಡಿದು ಹೊರಟಳು.

"ನಾನು ಓದಿ ಹೇಳ್ಲಾ ಅಜ್ಜಿ? ಇಲ್ಲಿ ಸಣ್ಣಕ್ಷರದಲ್ಲಿ ಏನೇನೋ ಇದೆ."

"ಏನು ಓದ್ತೀಯ? ನಿಮ್ಮಪ್ಪಂಗೆ ಹಲ್ಲು ಬರೋ ಮೊದ್ಲಿಂದ ಈ ಹಾಳೆ ಓದ್ತಿದೀನಿ. ನೀನು ಗುಂಡುಪಿನ್ನು ಕೊಡು, ಸಾಕು."

ನಾನು ಗುಂಡುಪಿನ್ನು ಕೊಟ್ಟೆ. ಹೊಲಿಗೆ ಬಗ್ಗೆ ನನಗೆ ಗೊತ್ತಿದ್ದದ್ದು ಗುಂಡಿ ಕಿತ್ತರೆ ಮತ್ತೆ ಹಾಕುವುದು, ಅಷ್ಟೇ. ಆದರೆ ಆ ವಾರ ನನಗೆ ಹುಚ್ಚೇ ಹಿಡಿಯಿತು. ಕಾಲೇಜಿಗೆ ಹೋಗದೆ ಅವಳ ಪಕ್ಕದಲ್ಲೇ ಕೂತೆ. ಕತ್ತರಿ ಬಟ್ಟೆಯಲ್ಲಿ ಹೋಗುವ ಸದ್ದು, ಅವಳು ಎರಡು ತುಂಡನ್ನು ಬೆರಳ ನಡುವೆ ಉಜ್ಜಿ ಸರಿಹೊಂದಿಸುವ ರೀತಿ, ಹಲ್ಲಿನಲ್ಲಿ ದಾರ ಕಡಿಯುವುದು, ಎಲ್ಲ ಫೋನಿನಲ್ಲಿ ಹಿಡಿದು ಕಲ್ಲಿಯೋಪಿ ಅಕ್ಕನಿಗೆ ಕಳಿಸುತ್ತಿದ್ದೆ. ಬಟ್ಟೆ ನಿಂಬೆಹಣ್ಣಿನ ಹಳದಿ, ಮೈತುಂಬ ಬಿಳಿ ಚುಕ್ಕೆ. ಒಳಗೆ ಲೈನಿಂಗು, ಸೊಂಟಕ್ಕೆ ಬಿಗಿ, ಕೆಳಗೆ ನೆರಿಗೆ, ಕತ್ತಿಗೆ ಲೇಸಿನ ಕಾಲರ್. ಮಗುವಿನ ಅಳತೆ ಅಕ್ಕ ಇರುವ ಲಾರಿಸಾ ಊರಿಂದ ಫೋನಿನಲ್ಲೇ ಬಂದಿತ್ತು; ಅವರು ಹಬ್ಬಕ್ಕೆ ಬರುವುದೇ ಶುಕ್ರವಾರ.

ಗುರುವಾರ ಅತ್ತೆ ಅಡುಗೆಮನೆಯಲ್ಲಿ ಹಬ್ಬದ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕುತ್ತಿದ್ದಳು. ಅಜ್ಜಿ ಫ್ರಾಕು ಮುಗಿಸಿ, ಇಸ್ತ್ರಿ ಹಾಕಿ, ಹ್ಯಾಂಗರಿಗೆ ನೇತುಹಾಕಿ ಕೂಗಿದಳು. ನೋಡಿದರೆ, ಅಯ್ಯೋ, ಏನು ಹೇಳಲಿ. ಅಂಗಡಿಯದನ್ನು ಕಸದ ಬುಟ್ಟಿಗೆ ಹಾಕಬೇಕು, ಹಾಗಿತ್ತು. ಅತ್ತೆ ಮೊಣಕೈವರೆಗೂ ಕೆಂಪಾದ ಕೈಗಳನ್ನು ಮೇಲೆತ್ತಿಕೊಂಡು ಬಂದು, ಮುಟ್ಟದೆ ಸುತ್ತ ತಿರುಗಿ ನೋಡಿದಳು. ಏನೂ ಹೇಳಲಿಲ್ಲ. ಅತ್ತೆ ಏನೂ ಹೇಳದಿದ್ದರೆ ಅದು ಹೊಗಳಿಕೆ.

ನಾನು ಹೊಲಿಗೆ ಡಬ್ಬಿ ಮುಚ್ಚುವಾಗ ನೋಡಿದರೆ, ಅದರೊಳಗೆ ಹಳದಿ ಜಿಪ್ಪೊಂದು ಕವರಿನಲ್ಲೇ ಇತ್ತು.

"ಅಜ್ಜಿ, ಇದು?"

"ಅದು ಹೆಚ್ಚಾಯ್ತು."

"ಮತ್ತೆ ಇದನ್ನ ಹಾಕ್ಕೊಳ್ಳೋದು ಎಲ್ಲಿಂದ?"

"ತಲೆಯಿಂದ. ಕಾಲಿಂದ ಹಾಕ್ಕೊಳ್ಳಕ್ಕೆ ಅದೇನು ಚಡ್ಡೀನಾ?"

ಅತ್ತೆ ನಕ್ಕುಬಿಟ್ಟಳು. ನಾನೂ ನಕ್ಕೆ. ಕತ್ತಲಾಗುವ ಮುಂಚೆ ಅಜ್ಜಿ ಮಿಷನ್ನಿನ ಮೇಲೆ ಬಿಳಿ ಬಟ್ಟೆ ಹೊದಿಸಿ, ಸೂಜಿ ಕತ್ತರಿ ಎಲ್ಲ ಡ್ರಾಯರಿನಲ್ಲಿ ಹಾಕಿ ಬೀಗ ತಿರುಗಿಸಿದಳು. ಮಾರನೆಯ ದಿನ ಶುಕ್ರವಾರ, ಯೇಸುವಿಗೆ ಮೊಳೆ ಹೊಡೆದ ದಿನ. ಆ ದಿನ ನಮ್ಮಲ್ಲಿ ಸುತ್ತಿಗೆ ಎತ್ತುವುದಿಲ್ಲ, ಸೂಜಿ ಹಿಡಿಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಚೂಪಾದದ್ದು ಯಾವುದು ಚುಚ್ಚಿದರೂ ಅವನ ಮೈಗೇ ಚುಚ್ಚಿದ ಹಾಗೆ. ಅಜ್ಜಿಯ ಮನೆಯಲ್ಲಿ ಆವತ್ತು ರೊಟ್ಟಿಯನ್ನೂ ಕೈಯಲ್ಲೇ ಮುರಿಯಬೇಕು.

ಶುಕ್ರವಾರ ಬೆಳಗ್ಗಿನಿಂದಲೇ ಚರ್ಚಿನಲ್ಲಿ ಸಾವಿನ ಗಂಟೆ. ಒಂದು ಹೊಡೆತ, ಸುಮ್ಮನೆ ಒಂದಿಷ್ಟು ಹೊತ್ತು, ಮತ್ತೆ ಒಂದು ಹೊಡೆತ. ಅತ್ತೆ ಹೂವಿನ ಬುಟ್ಟಿ ಹಿಡಿದು ಯೇಸುವಿನ ಚಟ್ಟ ಅಲಂಕರಿಸಲು ಚರ್ಚಿಗೆ ಹೋದಳು. ಲಾರಿಸಾದಿಂದ ಬಂದ ಕಲ್ಲಿಯೋಪಿ ಅಕ್ಕ ಮಗುವನ್ನು ಬಾಗಿಲಲ್ಲಿ ಇಳಿಸಿ ತಾನೂ ಅತ್ತೆಯ ಹಿಂದೆ ಓಡಿದಳು. ಮನೆಯಲ್ಲಿ ಉಳಿದದ್ದು ಅಜ್ಜಿ, ನಾನು, ಅಂಥೂಲಾ, ಒಲೆಯ ಮೇಲೆ ವಿನಿಗರ್ ಹಾಕಿದ ಬೇಳೆ.

"ನೊನಾ, ನನ್ನ ಹಲ್ಲು ನೋಡು! ಎರಡೂ ಬಿದ್ದೋಯ್ತು! ಇದರಿಂದ ನೀರು ಪಿಚಕ್ ಅಂತ ಬಿಡ್ತೀನಿ. ತೋರಿಸ್ಲಾ? ಫ್ರಾಕೆಲ್ಲಿ? ಇದಾ? ಹಾಕ್ಕೋತೀನಿ. ಈಗ್ಲೇ ಹಾಕ್ಕೋತೀನಿ."

"ನಾಳೆ ರಾತ್ರಿ, ಬಂಗಾರಿ."

"ಹಾಕಿ ನೋಡೋದು ಹೊಲಿಗೆ ಅಲ್ವಲ್ಲ," ಅಂದಳು ಅಜ್ಜಿ. ಅವಳಿಗೂ ತಡೆಯಲಾಗಿರಲಿಲ್ಲ. "ಹಾಕು. ಎವ್ದೋಕಿಯಾ ಬರೋ ಹೊತ್ತಿಗೆ ಮಗು ಬಾಗಿಲಲ್ಲಿ ನಿಂತಿರ್ಲಿ. ಅವಳ ಮುಖ ಕಾಣದಿದ್ರೂ ಪರ್ವಾಗಿಲ್ಲ, ಉಸಿರು ಹಿಡ್ಕೊಳ್ಳೋದು ಕೇಳಿಸುತ್ತೆ ನಂಗೆ."

ಅಂಥೂಲಾ ಕೈ ಎತ್ತಿದಳು. ನಾನು ಫ್ರಾಕನ್ನು ತಲೆಯ ಮೇಲಿನಿಂದ ಇಳಿಸಿದೆ. ಕೈಗಳು ತೋಳಿನೊಳಗೆ ಅರ್ಧ ಹೋದವು. ಸೊಂಟದ ಬಿಗಿ ಜಾಗ ಭುಜ ದಾಟಿ ಎದೆಯ ಹತ್ತಿರ ನಿಂತಿತು. ಒಂದಿಷ್ಟು ಎಳೆದೆ. ಲೈನಿಂಗು ಸುರುಟಿಕೊಂಡು ಇನ್ನೂ ಬಿಗಿಯಾಯಿತು. ಕಾಲರ್ ತಲೆಯ ಅರ್ಧಕ್ಕೆ ಬಂದು ಅಲ್ಲೇ ಕೂತಿತು. ಈಗ ಮಗುವಿಗೆ ಮುಖವಿಲ್ಲ, ಹಳದಿ ಬಟ್ಟೆಯ ಮೇಲೆ ಒಂದು ಕುಚ್ಚು ಕೂದಲು ಮಾತ್ರ, ಎರಡು ಕೈ ಆಕಾಶಕ್ಕೆ.

ಒಳಗಿನಿಂದ ನಗು ಬಂತು. "ನೊನಾ, ನಾನು ಮೇಣದಬತ್ತಿ!"

"ಹೌದು ಬಂಗಾರಿ. ಸ್ವಲ್ಪ ಉಸಿರು ಬಿಡು. ಇನ್ನೂ ಬಿಡು."

ಕೆಳಕ್ಕೆ ಎಳೆದೆ, ಬರಲಿಲ್ಲ. ಮೇಲಕ್ಕೆ ಎಳೆದೆ, ಬರಲಿಲ್ಲ. ಅಜ್ಜಿ ಎದ್ದು ಬಂದು ತಾನೂ ಹಿಡಿದಳು. ಮೈಗೆ ಪೌಡರ್ ಸುರಿದೆ. ಒಳಗೆ ಸೀನು ಶುರುವಾಯಿತು. ನಗು ನಿಂತಿತು.

"ನೊನಾ, ಹೊರಗೆ ತೆಗಿ."

"ತೆಗೀತೀನಿ ಪುಟ್ಟಾ, ಅಲ್ಲಾಡ್ಬೇಡ."

"ಬಿಸಿ ಆಗ್ತಿದೆ. ನೊನಾ, ಕೈ ನೋಯ್ತಿದೆ. ನೊನಾ, ಸೂಸು ಬರ್ತಿದೆ!"

ಅಷ್ಟು ಸಣ್ಣ ಮಗು, ಅಷ್ಟು ಚಂದದ ಬಟ್ಟೆ, ಎರಡರಲ್ಲಿ ಯಾವುದನ್ನು ಜೋರಾಗಿ ಎಳೆದರೂ ಒಂದು ಮುರಿಯುತ್ತದೆ ಅನಿಸಿತು. ಹೊರಗೆ ಗಂಟೆ ಒಂದು ಹೊಡೆಯಿತು. ಅಂಥೂಲಾ ಒಳಗೆ ಅಳಲು ಶುರುಮಾಡಿದಳು. ಅತ್ತಷ್ಟೂ ಎದೆ ಉಬ್ಬಿ ಬಟ್ಟೆ ಬಿಗಿಯಾಗುತ್ತಿತ್ತು.

"ಅಜ್ಜಿ, ಬೀಗದ ಕೈ ಕೊಡು. ಕತ್ತರಿಸ್ತೀನಿ."

"ಇವತ್ತಾ?" ಅಜ್ಜಿ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. "ಬಾಯಿ ಮುಚ್ಚು. ಇವತ್ತು ಈ ಮನೇಲಿ ಕತ್ತರಿ ಬರಲ್ಲ. ತಡಿ, ಜಿಪ್ಪು ಬಿಚ್ಚಿದ್ಯಾ? ಮೊದ್ಲು ಜಿಪ್ಪು ಬಿಚ್ಚು."

"ಯಾವ ಜಿಪ್ಪು ಅಜ್ಜಿ? ಹೆಚ್ಚಾಯ್ತು ಅಂದ್ಯಲ್ಲ ನಿನ್ನೆ?"

ಅವಳು ಮಗುವಿನ ಬೆನ್ನಿಗೆ ಕೈ ಇಟ್ಟಳು. ಕಾಲರ್‌ನಿಂದ ಕೆಳಕ್ಕೆ, ಸೊಂಟದವರೆಗೆ, ಮತ್ತೆ ಮೇಲಕ್ಕೆ. ಕುರುಡರು ಮುಖ ಸವರುವ ಹಾಗೆ. ಎರಡು ಸಲ ಸವರಿದಳು. ಹೊಲಿಗೆ ಹುಡುಕುತ್ತಿದ್ದಳು. ಅಲ್ಲಿ ಹೊಲಿಗೆ ಇರಲಿಲ್ಲ, ನಯವಾದ ಬಟ್ಟೆ ಮಾತ್ರ.

"ಮಡಿಕೆ ಮೇಲೆ ಇಟ್ಬಿಟ್ಟೆ," ಅಂದಳು. ಬಹಳ ಮೆಲ್ಲಗೆ. "ಮುಂದಿನದನ್ನ ಬಟ್ಟೆ ಮಡಿಕೆ ಮೇಲಿಟ್ಟು ಒಂದೇ ತುಂಡು ಕತ್ತರಿಸ್ಬೇಕು, ಹಿಂದಿನದು ಬಿಡಿ ಎರಡು ತುಂಡು ಬರ್ಬೇಕು, ನಡುವೆ ಜಿಪ್ಪು. ನಾನು ಎರಡನ್ನೂ ಮಡಿಕೆ ಮೇಲೆ ಇಟ್ಟಿದೀನಿ, ಮಿರ್ಸೀನಿ. ಹಾಳೇಲಿ ಗುರುತು ಇತ್ತು. ಇದ್ದೇ ಇರುತ್ತೆ. ಕಾಣ್ಸಿಲ್ಲ ನಂಗೆ."

ಆಮೇಲೆ ಎದೆಯೊಳಗಿನಿಂದ ದಾರ ಕಟ್ಟಿದ ಬೀಗದ ಕೈ ತೆಗೆದಳು. ತಾನೇ ಡ್ರಾಯರು ತೆರೆದಳು, ತಾನೇ ಕತ್ತರಿ ಹಿಡಿದಳು.

"ಅಜ್ಜಿ, ನನಗೆ ಕೊಡು."

"ಈ ದಿನದ ಪಾಪ ನಿಂಗ್ಯಾಕೆ? ನಾನು ಮುದುಕಿ, ನಂದು ಎಷ್ಟೋ ಇದೆ, ಇದೊಂದು ಸೇರ್ಲಿ."

"ಪಾಪ ಅಲ್ಲ ಅಜ್ಜಿ, ಬೆನ್ನು! ಮಗು ಬೆನ್ನಿದೆ ಅಲ್ಲಿ, ನಿಂಗೆ ಕಾಣಲ್ಲ!"

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆ ಅಂತ. ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳ ಮುಖಕ್ಕೆ ನಾನು ಹೇಳಿರಲೇ ಇಲ್ಲ. ಅಜ್ಜಿ ಕತ್ತರಿಯನ್ನು ತಿರುಗಿಸಿ ಹಿಡಿಕೆಯನ್ನು ನನ್ನ ಕಡೆ ಚಾಚಿದಳು.

ಕಾಲರ್ ಹತ್ತಿರ ನನ್ನ ಎರಡು ಬೆರಳು ತೂರಿಸಿ, ಬನಿಯನ್ನಿನಿಂದ ಬಟ್ಟೆಯನ್ನು ದೂರ ಹಿಡಿದು ಕತ್ತರಿಸಿದೆ. ಮೊದಲು ಲೇಸು. ಆಮೇಲೆ ಹಳದಿ ಬಟ್ಟೆ. ಅಜ್ಜಿ ತನ್ನ ಬೆರಳನ್ನು ಮಗುವಿನ ಬೆನ್ನಿನ ಮೇಲೆ ಮುಂದೆ ಮುಂದೆ ಸರಿಸುತ್ತಾ ದಾರಿ ತೋರಿಸಿದಳು. "ನಡುಮಧ್ಯ ಹೋಗು. ಬೆನ್ನುಮೂಳೆ ಬಿಡ್ಬೇಡ. ಅವಸರ ಮಾಡ್ಬೇಡ." ಹೊರಗೆ ಗಂಟೆ ಹೊಡೆದಾಗಲೆಲ್ಲ ಅವಳ ಬೆರಳು ನಿಲ್ಲುತ್ತಿತ್ತು, ನನ್ನ ಕತ್ತರಿಯೂ ನಿಲ್ಲುತ್ತಿತ್ತು. ಸೊಂಟ ದಾಟಿದ ಮೇಲೆ ಬಟ್ಟೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿತು. ಕೆಂಪು ಮುಖದ, ಪೌಡರು ಮೆತ್ತಿದ ಅಂಥೂಲಾ ಹೊರಬಂದು, ಯಾರನ್ನೂ ನೋಡದೆ ಬಚ್ಚಲಿಗೆ ಓಡಿದಳು.

ಅಜ್ಜಿ ಕುರ್ಚಿಯಲ್ಲಿ ಕೂತು ಫ್ರಾಕನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕತ್ತರಿಸಿದ ಅಂಚನ್ನು ಬೆರಳಲ್ಲಿ ಸವರಿದಳು.

"ಎವ್ದೋಕಿಯಾ ಬರ್ಲಿ. ನಾನೇ ಹೇಳ್ತೀನಿ. ಮಾತು ಅಂದ್ಮೇಲೆ ಮಾತು."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ತಲೆ ಎತ್ತಿ ಮಿಷನ್ನಿದ್ದ ಕಡೆ ನೋಡಿದಳು; ನೇರ ನೋಡಿದರೆ ಕಾಣುವುದಿಲ್ಲವೆಂದು ಕತ್ತು ವಾಲಿಸಿ, ಪಕ್ಕದಿಂದ, ಅದರ ಮೇಲೆ ಹೊದಿಸಿದ ಬಿಳಿ ಬಟ್ಟೆಯನ್ನು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅತ್ತೆ ಮತ್ತು ಅಕ್ಕನ ಮಾತು ಕೇಳಿಸಿತು.

ಅತ್ತೆ ಒಳಗೆ ಬಂದವಳು ಮೊದಲು ನೋಡಿದ್ದು ಮೇಜಿನ ಮೇಲಿನ ಕತ್ತರಿ.

"ಕ್ರಿಸ್ತಾ! ಇವತ್ತು ಕತ್ತರಿ ತೆಗ್ದೋರು ಯಾರು?" ಆಮೇಲೆ ಅಜ್ಜಿಯ ತೊಡೆ ನೋಡಿದಳು. "ಅಮ್ಮಾ? ಇದೇನಿದು?"

ಅಜ್ಜಿ ಬಾಯಿ ತೆರೆದಳು. ಅವಳ ಬಾಯಿಂದ ಮಾತು ಬರುವ ಮೊದಲು ನಾನು ಹೇಳಿಬಿಟ್ಟೆ.

"ನಾನು ಅತ್ತೆ. ಎಲ್ಲ ನಾನೇ. ಹಿಂದಿನ ಭಾಗ ನಾನೇ ಕತ್ತರಿಸಿದ್ದು, ಅಜ್ಜಿ ಮಡಿಕೆ ಮೇಲೆ ಇಡ್ಬೇಡ ಅಂದ್ಲು, ನಾನು ಕೇಳಿಸ್ಕೊಳ್ಳಿಲ್ಲ. ಜಿಪ್ಪಿಗೆ ಜಾಗನೇ ಇರ್ಲಿಲ್ಲ. ಮಗು ಒಳಗೆ ಸಿಕ್ಕಾಕ್ಕೊಂಡ್ಳು."

ಅಬ್ಬಾ, ಆಮೇಲೆ ಅತ್ತೆ ಬಿಟ್ಟ ಬೈಗುಳ! "ಪುಸ್ತಕ ಓದ್ತಾಳಂತೆ, ಕಾಲೇಜಂತೆ, ಒಂದು ಬಟ್ಟೆ ಎರಡು ಮಾಡಕ್ಕೆ ಬರಲ್ಲ! ಮುದುಕಿ ಕಣ್ಣು ಕಳ್ಕೊಂಡು ಹೊಲ್ದಿದ್ದನ್ನ ಕಣ್ಣಿದ್ದೋಳು ಹಾಳು ಮಾಡಿದಾಳೆ! ಅದೂ ಇವತ್ತು! ದೇವರನ್ನ ಹೂಳೋ ದಿನ!" ಕಲ್ಲಿಯೋಪಿ ಅಕ್ಕ ಮಗುವನ್ನು ತಬ್ಬಿಕೊಂಡು ನನ್ನನ್ನು ಕೊಲೆಗಾತಿಯ ಹಾಗೆ ನೋಡಿದಳು. ನಾನು ತಲೆ ತಗ್ಗಿಸಿ ನಿಂತೆ. ಒಳಗೊಳಗೆ ಖುಷಿಯೇ ಇತ್ತು ನನಗೆ. ಕಣ್ಣಂಚಿನಲ್ಲಿ ಅಜ್ಜಿಯನ್ನು ನೋಡಿದೆ. ತೆರೆದ ಬಾಯಿ ನಿಧಾನಕ್ಕೆ ಮುಚ್ಚಿಕೊಂಡಿತ್ತು.

ಶನಿವಾರ ಬೆಳಗ್ಗೆ ಅಜ್ಜಿ ಮಿಷನ್ನಿನ ಹೊದಿಕೆ ತೆಗೆದಳು. ಅತ್ತೆಯೇ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ನಾನು ಕತ್ತರಿಸಿದ ಆ ಸೀಳಿಗೆ ಅಂಚು ಮಡಚಿ, ಬರೀ ಬೆರಳ ತುದಿಯಿಂದ ಅಳೆಯುತ್ತಾ ಅಜ್ಜಿ ಜಿಪ್ಪು ಕೂರಿಸಿದಳು. ಒಂದು ಕೂದಲೆಳೆಯಷ್ಟೂ ಸೊಟ್ಟ ಇಲ್ಲ. ನಂಬಿ, ನೇರ ಹೊಲಿಗೆಗೆ ಅವಳಿಗೆ ಕಣ್ಣು ಬೇಕಿಲ್ಲ. ಆ ಗೆರೆಗಳ ಹಾಳೆ ಓದುವುದಕ್ಕೆ, ಬೆರಳು ಸೂಜಿಯ ಕೆಳಗೆ ಹೋಗದ ಹಾಗೆ ನೋಡಿಕೊಳ್ಳುವುದಕ್ಕೆ ಬೇಕು. ಆ ರಾತ್ರಿ ಚರ್ಚಿನಲ್ಲಿ ಅಂಥೂಲಾ ಮೇಣದಬತ್ತಿ ಹಿಡಿದು ನಿಂತರೆ ಹೆಂಗಸರೆಲ್ಲ ಬಂದು ಬಟ್ಟೆ ಮುಟ್ಟಿ ಹೋದರು.

"ಮಾತು ಅಂದ್ಮೇಲೆ ಮಾತು," ಅಂದಳು ಅತ್ತೆ, ಮನೆಗೆ ಬಂದಮೇಲೆ. "ಮಿಷನ್ನಿನ ಸುದ್ದಿ ಎತ್ತಲ್ಲ ಇನ್ನು."

ಇಲ್ಲಿಗೆ ಮುಗಿದಿದ್ದರೆ ನಾನು ನಿಮ್ಮನ್ನು ಕೂರಿಸಿಕೊಳ್ಳುತ್ತಿರಲಿಲ್ಲ.

ಭಾನುವಾರ ಕೆಳಗಿನ ಅಂಗಳದಲ್ಲಿ ಕುರಿ ಸುಡುತ್ತಿದ್ದರು. ಎಲ್ಲ ಮನೆಯವರು ಸೇರಿದ್ದರು. ಯಾರೋ ಫ್ರಾಕು ಹೊಗಳಿದರು. ಅಜ್ಜಿ ವೈನಿನ ಲೋಟ ಹಿಡಿದು ಶುರುಮಾಡಿದಳು:

"ಏನು ಹೇಳ್ತೀರ! ಈ ಮಹಾತಾಯಿ ಹಿಂದಿನ ಭಾಗನ ಮಡಿಕೆ ಮೇಲೆ ಇಟ್ಳು! ಬೇಡ ಕಣೇ, ಬೇಡ ಕಣೇ ಅಂತ ಬಡ್ಕೊಂಡೆ. ಕೇಳಿದ್ರೆ ತಾನೇ! ಮಗು ಒಳಗೆ ಹೊಗೆ ಹಾಕಿದ ಮೀನಿನ ಥರ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವಳು ನನಗೆ ಕಣ್ಣು ಮಿಟುಕಿಸುತ್ತಾಳೇನೋ ಎಂದು ಕಾದೆ. ಮಿಟುಕಿಸಲಿಲ್ಲ. ಮಾರನೆಯ ದಿನ ಇಬ್ಬರೇ ಇದ್ದಾಗ ಕೇಳಿದೆ.

"ಅಜ್ಜಿ, ಶುಕ್ರವಾರ ನಂಗೆ ಏನು ಹೇಳ್ದೆ, ನೆನಪಿದ್ಯಾ?"

"ಏನು ಹೇಳ್ದೆ? ನೀನು ಕೆಡಿಸ್ದೆ, ನಾನು ಸರಿಮಾಡ್ದೆ." ನನ್ನ ಕೆನ್ನೆ ತಟ್ಟಿದಳು. "ಬೇಜಾರು ಮಾಡ್ಕೋಬೇಡ. ವಯಸ್ಸಿದೆ, ಕಲೀತೀಯ."

ಅವಳು ನಟಿಸುತ್ತಿದ್ದಾಳೋ, ನಿಜವಾಗಿ ಹಾಗೇ ನೆನಪಿಟ್ಟುಕೊಂಡಿದ್ದಾಳೋ, ನನಗೆ ಗೊತ್ತಿಲ್ಲ. ಎಷ್ಟು ಸಲ ಅವಳ ಮುಖ ನೋಡಿದರೂ ಗೊತ್ತಾಗುತ್ತಿಲ್ಲ.

ಈಗ ಕಲ್ಲಿಯೋಪಿ ಅಕ್ಕ ತನ್ನ ನಾದಿನಿಯ ಕೂಸಿಗೆ ನೊನಾ ಆಗುತ್ತಿದ್ದಾಳೆ. ದೀಕ್ಷಾಸ್ನಾನದ ಬಿಳಿ ಅಂಗಿಯನ್ನು ಅಜ್ಜಿಯೇ ಹೊಲಿಯಬೇಕೆಂದು ಬಟ್ಟೆ ತಂದುಕೊಟ್ಟಿದ್ದಾಳೆ. ಅಜ್ಜಿ ಮತ್ತೆ ಆ ದೊಡ್ಡ ಹಾಳೆ ಬಿಡಿಸಿದ್ದಾಳೆ. ನಾನು ಓದಿ ಹೇಳುತ್ತೇನೆ ಎಂದು ಹತ್ತಿರ ಹೋದರೆ ಬೆರಳು ಎತ್ತುತ್ತಾಳೆ. "ನೀನು ದೂರ! ಒಂದು ಹಾಳು ಮಾಡಿದ್ದು ಸಾಕು!" ಅತ್ತೆಯೂ ಅದನ್ನೇ ಹೇಳುತ್ತಾಳೆ: "ಅವಳನ್ನ ಅವಳ ಪಾಡಿಗೆ ಬಿಡು ಮಿರ್ಸೀನಿ, ನೀನು ಕೈ ಹಾಕಿದ್ರೆ ಕೆಡುತ್ತೆ." ಗುಂಡುಪಿನ್ನು ಕೊಡುವ ಕೆಲಸವೂ ಹೋಯಿತು ನನ್ನದು. ಬೆಳಕಿಗೆ ಅಡ್ಡ ನಿಲ್ಲುತ್ತೇನೆಂದು ಕೋಣೆಯ ಬಾಗಿಲು ಹಾಕಿಕೊಂಡೇ ಕೂರುತ್ತಾಳೆ.

ನಿನ್ನೆ ಅವಳು ಚರ್ಚಿಗೆ ಹೋದಾಗ ಒಳಗೆ ಹೋಗಿ ನೋಡಿದೆ. ಬಿಳಿ ಬಟ್ಟೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದು ಕಲೆ, ಸುತ್ತ ಒದ್ದೆ. ಯಾರೋ ತಣ್ಣೀರಿನಲ್ಲಿ ಉಜ್ಜಿದ್ದಾರೆ. ಬಂದಮೇಲೆ ಕೇಳಿದೆ.

"ಬೀಟ್‌ರೂಟು," ಅಂದಳು. ನಮ್ಮ ಮನೆಯಲ್ಲಿ ಈ ವಾರ ಬೀಟ್‌ರೂಟು ತಂದಿಲ್ಲ. ಅವಳ ಎಡಗೈ ಏಪ್ರನ್ನಿನ ಜೇಬಿನಲ್ಲಿತ್ತು. ಊಟದ ಹೊತ್ತಿಗೂ ಅಲ್ಲೇ ಇತ್ತು. ಅತ್ತೆ ಗಮನಿಸಲಿಲ್ಲ, ಅವಳು ಕೊಟ್ಟ ಮಾತಿನಂತೆ ಆ ಕಡೆ ನೋಡುವುದನ್ನೇ ಬಿಟ್ಟಿದ್ದಾಳೆ.

ಅತ್ತೆಗೆ ನಿಜ ಹೇಳಿದರೆ ನಾಳೆಯೇ ಮಿಷನ್ನು ಹೋಗುತ್ತದೆ. ಅದು ಹೋದರೂ ಹೋಗಲಿ ಅನ್ನಬಹುದು. ಆದರೆ ಭಾನುವಾರ ಅಷ್ಟು ಜನರ ಮುಂದೆ ನಗುತ್ತಾ ಹೇಳಿದ ಅಜ್ಜಿ ಸುಳ್ಳಿ ಆಗುತ್ತಾಳೆ, ಅದೂ ನನ್ನ ಬಾಯಿಂದ. ಅವಳು ನಿಜವಾಗಿಯೇ ಹಾಗೆ ನಂಬಿದ್ದರೆ? ಆಗ ಅವಳಿಗೆ ಕಣ್ಣಷ್ಟೇ ಅಲ್ಲ, ಇನ್ನೊಂದೂ ಹೋಗುತ್ತಿದೆ ಎಂದು ನಾನೇ ತಿಳಿಸಿದ ಹಾಗಾಗುತ್ತದೆ. ಹೇಳದಿದ್ದರೆ, ಆ ಸೂಜಿ.

ಇದನ್ನು ಹೇಳುತ್ತಿರುವಾಗಲೂ ಆ ಬಾಗಿಲ ಹಿಂದೆ ಮಿಷನ್ನು ಓಡುತ್ತಿದೆ. ಓಡುತ್ತದೆ, ನಿಲ್ಲುತ್ತದೆ. ನಿಂತಾಗಲೆಲ್ಲ ನಾನು ಎದ್ದು ಬಾಗಿಲವರೆಗೆ ಹೋಗುತ್ತೇನೆ, ಮತ್ತೆ ಓಡಿದ ಮೇಲೆ ವಾಪಸ್ ಬಂದು ಕೂರುತ್ತೇನೆ. ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?